ಐದೂವರೆ ತಾಸಿನ ತವರು

ಕೋಥರೂಡ

ನಮ್ಮವ್ವ ದೂರವನ್ನು ತಾಸಿನಲ್ಲಿ ಅಳೆಯುವವಳು. ಪುಣೆಯಿಂದ ನಮ್ಮೂರು ಇಂಡಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, "ಸ್ವಾರಗೇಟಿನಾಗ ಸಂಜೀಕ ಬಸ್ ಹತ್ತಿದ್ರ ಮುಂಜಾನಿ ಚಹಾಕ್ಕ ಊರಾಗಿರ್ತೀರಿ" ಎನ್ನುತ್ತಾಳೆ. ಕಿಲೋಮೀಟರಿನ ಮಾತೆತ್ತಿದರೆ ಅವಳಿಗೆ ಸಿಟ್ಟು. "ಕಿಲೋಮೀಟರ ಗಾಡಿ ಚಕ್ರಕ್ಕ ಗೊತ್ತು. ನನ್ನ ನಡಕ್ಕ ತಾಸು ಗೊತ್ತು."

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶ್ರಾವಣಕ್ಕೆ ಇನ್ನೂ ಒಂದು ತಿಂಗಳಿತ್ತು. ನಾನು ಪುಣೆಯ ಕೋಥರೂಡದ ನಮ್ಮ ಮನೆಯಿಂದ ಮಾರ್ಕೆಟ್ ಯಾರ್ಡಿನ ಲಿಂಬೆಹಣ್ಣಿನ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಚಹಾದ ಬಟ್ಟಲು ಹಿಡಿದುಕೊಂಡೇ ಕೇಳಿದಳು.

"ಸುನಂದಾನ ಊರು ಎಷ್ಟು ತಾಸಿನ ದಾರಿ?"

ಸುನಂದಾ ನನ್ನ ಒಬ್ಬಳೇ ತಂಗಿ, ಸಿಂಗಾಪುರದಲ್ಲಿರುತ್ತಾಳೆ. "ಮುಂಬೈದಿಂದ ವಿಮಾನದಾಗ ಐದೂವರೆ ತಾಸು" ಎಂದೆ.

ಅವ್ವ ಬಟ್ಟಲು ಕೆಳಗಿಟ್ಟಳು. "ಐದೂವರೆ? ಹಂಗಾರ ಸಿಂಗಾಪುರ ಇಂಡಿಗಿಂತ ಸನೇಕ ಅದಲ್ಲೋ!"

"ನಡಬರಕ ಸಮುದ್ರ ಅದ ಅವ್ವಾ."

"ಸಮುದ್ರ ನೀ ಈಸಬೇಕೇನು? ಹೋಗು. ಆಕಿನ್ನ ಪಂಚಮಿಗೆ ಕರಕೊಂಡು ಬಾ."

ನಮ್ಮ ಕಡೆ ನಾಗರಪಂಚಮಿ ಎಂದರೆ ಹಾವಿನ ಹಬ್ಬಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು, ತವರಿನ ಸೀರೆ ಉಡಬೇಕು. ಆದರೆ ಅವರು ತಾವಾಗಿ ಬರುವಂತಿಲ್ಲ. ಅಣ್ಣನೋ ತಮ್ಮನೋ ಉಂಡಿಯ ಬುತ್ತಿ ಹೊತ್ತು ಬೀಗರ ಮನೆಗೆ ಹೋಗಿ, "ಪಂಚಮಿಗೆ ನಮ್ಮ ಹುಡುಗಿನ್ನ ಕಳಸ್ರಿ" ಎಂದು ಹಿರಿಯರನ್ನು ಕೇಳಿ, ಅವರು ಹೂಂ ಅಂದ ಮೇಲೆ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಬಾರದ ಹೆಣ್ಣಿಗೆ ತವರಿದ್ದೂ ಇಲ್ಲದ ಹಾಗೆ. ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿದ ಶಾಸ್ತ್ರ ಇದು. ವಿಮಾನದ ಕಾಲಕ್ಕೆ ಇದನ್ನು ಹೇಗೆ ಹೊಂದಿಸಬೇಕೆಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ.

ಸುನಂದಾ ಪಿಂಪ್ರಿಯ ಒಂದು ಕಾರಖಾನೆಯ ಆಫೀಸಿನಲ್ಲಿದ್ದಳು. ಅಲ್ಲಿ ಯಂತ್ರ ಕೂಡಿಸಲು ಸಿಂಗಾಪುರದಿಂದ ಬಂದ ಬೂನ್ ಹೆಂಗ್ ಎಂಬ ಚೀನೀ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವ್ವನ ನಾಲಿಗೆ ಆ ಹೆಸರಿಗೆ ತಿರುಗಲಿಲ್ಲ, ಅವನು ಮೊದಲ ದಿನದಿಂದಲೇ ನಮ್ಮ ಮನೆಯಲ್ಲಿ ಭೀಮಣ್ಣನಾದ. ಅಪ್ಪನಿಗೆ ಮಾತ್ರ ಅವನು ಯಾವ ಹೆಸರಿನಿಂದಲೂ ಬೇಕಾಗಿರಲಿಲ್ಲ. ಕೂಗಾಡಲಿಲ್ಲ, ಬಯ್ಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ: "ಬರ್ತೀನಿ ಅಂದ್ರ ಬರ್ಲಿ, ನನ್ನ ಮನಿ ಬಾಗಲಾ ಮುಚ್ಚಿಲ್ಲ. ಆದ್ರ ಕರೀಲಾಕ ಈ ಮನಿಯಿಂದ ಯಾರೂ ಹೋಗಬಾರದು."

ಆ ಮಾತು ಸುನಂದಾಳ ಕಿವಿಗೂ ಬಿತ್ತು. ಅಪ್ಪನ ಮಗಳೇ ಅಲ್ಲವೇ, ಅವಳೂ ಕರೆಯದ ಮನೆಗೆ ಕಾಲಿಡಲಿಲ್ಲ. ಹೀಗೆ ಏಳು ಪಂಚಮಿ ಹೋದವು. ಅಷ್ಟರಲ್ಲಿ ಅವಳಿಗೊಂದು ಹೆಣ್ಣುಮಗು ಹುಟ್ಟಿ ಐದು ವರ್ಷದ್ದಾಯಿತು. ಅಪ್ಪ ತೀರಿಕೊಂಡಾಗ ಮಣ್ಣು ಮಾಡುವ ಹೊತ್ತಿಗೆ ಅವಳು ಬಂದು ಮುಟ್ಟುವ ಹಾಗಿರಲಿಲ್ಲ. ಫೋನಿನಲ್ಲಿ ಬಹಳ ಅತ್ತಳು, ಆಮೇಲೂ ಬರಲಿಲ್ಲ. ಈಗ ಅಪ್ಪನ ವರ್ಷ ತುಂಬಿತ್ತು. ಮನೆಯಲ್ಲಿ ಮತ್ತೆ ಹಬ್ಬ ಮಾಡಬಹುದಿತ್ತು. "ನನಗೂ ಎಪ್ಪತ್ತು ದಾಟೇದ" ಎಂದಳು ಅವ್ವ. "ಇನ್ನ ಎಷ್ಟು ಪಂಚಮಿ ಕಾಣ್ತೀನೋ ಯಾರಿಗೆ ಗೊತ್ತು. ಆಕಿನ್ನ ಒಮ್ಮೆ ನೋಡಬೇಕು."

ಪಾಸ್‌ಪೋರ್ಟು ಮಾಡಿಸಿದೆ. ನಾನು ಆವರೆಗೆ ಕಂಡ ಪರದೇಶವೆಂದರೆ ಹೈದರಾಬಾದು.

ಸಹಾರ್ ವಿಮಾನ ನಿಲ್ದಾಣ

ಎಕ್ಸ್‌ಪ್ರೆಸ್ ಹೆದ್ದಾರಿ ಆಗ ಇನ್ನೂ ತೆರೆದಿರಲಿಲ್ಲ. ಖಂಡಾಲಾ ಘಾಟಿನಲ್ಲಿ ಮಳೆ ಎಷ್ಟು ದಪ್ಪಗೆ ಸುರಿಯುತ್ತಿತ್ತೆಂದರೆ, ಟ್ಯಾಕ್ಸಿಯವನು ದೇವರ ಹೆಸರು ಹೇಳುತ್ತ ಹೇಳುತ್ತ ಬಟಾಟೆ ವಡೆಯ ಅಂಗಡಿಯ ಮುಂದೆ ಮಾತ್ರ ಸರಿಯಾಗಿ ಗುರುತು ಹಿಡಿದು ನಿಲ್ಲಿಸಿದ. ಆ ಸಂಜೆ ವಾಶಿ ಮಾರುಕಟ್ಟೆಯ ನಮ್ಮ ವ್ಯಾಪಾರದ ಗೆಳೆಯರೊಬ್ಬರ ಮನೆಯಲ್ಲಿ ಉಳಿದು ಬೆಳಗಿನ ವಿಮಾನಕ್ಕೆಂದು ಮುಂಬೈಯ ಸಹಾರ್ ನಿಲ್ದಾಣಕ್ಕೆ ಹೋದೆ.

ನನ್ನ ಬಟ್ಟೆಬರೆ ಒಂದು ಸಣ್ಣ ಚೀಲದಲ್ಲಿತ್ತು. ದೊಡ್ಡ ಚೀಲದ ತುಂಬ ಅವ್ವನ ಬುತ್ತಿ: ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ, ರವೆ ಉಂಡಿ, ಸಾಲದ್ದಕ್ಕೆ ಹುರಿದ ಜೋಳದ ಅರಳು. ತಪಾಸಣೆಯ ಯಂತ್ರದಲ್ಲಿ ಆ ಚೀಲ ಹೋದಾಗ ಕೂತಿದ್ದ ಮನುಷ್ಯನ ಹುಬ್ಬು ಮೇಲಕ್ಕೆ ಹೋದವು. ತೆರೆಯಿರಿ ಎಂದ, ತೆರೆದೆ. ಒಂದು ಉಂಡಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಹೇ ಕಾಯ್ ಆಹೇ, ಕಾಕಾ?"

ಪಂಚಮಿಯ ಉಂಡಿ, ತಂಗಿಯನ್ನು ಕರೆತರಲು ಹೊರಟಿದ್ದೇನೆ ಎಂದು ಮರಾಠಿಯಲ್ಲಿ ಹೇಳಿದೆ.

"ಸಿಂಗಾಪುರಾಹೂನ?" ಸಿಂಗಾಪುರದಿಂದಲೇ ಎಂದು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಮರಾಠಿಗರಲ್ಲೂ ಇದೆ. ಉಂಡಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಚೀಲದ ಜಿಪ್ಪನ್ನು ತಾನೇ ಎಳೆದ. "ಜಾ, ಜಾ ಕಾಕಾ. ಘೇವೂನಚ್ ಯಾ." ಹೋಗಿ, ಕರೆದುಕೊಂಡೇ ಬನ್ನಿ ಎಂದ. ಗುರುತಿಲ್ಲದ ಆ ಮನುಷ್ಯನಿಗೆ ಹೂಂ ಎಂದು ತಲೆಯಾಡಿಸಿ ಚೀಲ ಎತ್ತಿಕೊಂಡೆ. ಆದರೆ ಸುನಂದಾ ಬರುತ್ತಾಳೆಂಬ ಭರವಸೆ ನನಗೇ ಇರಲಿಲ್ಲ. ಬರುವ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದ್ದೆ, ಏಕೆ ಬರುತ್ತಿದ್ದೇನೆಂದು ಹೇಳುವ ಧೈರ್ಯ ಆಗಿರಲಿಲ್ಲ.

ಆಕಾಶದಲ್ಲಿ

ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಗುಜರಾತಿ ಅಜ್ಜ. ವಿಮಾನ ನೆಲ ಬಿಡುತ್ತಲೂ ಬೂಟು ಕಳಚಿ, ಆ ಇಕ್ಕಟ್ಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಅವನ ಒಂದು ಮೊಣಕಾಲು ಐದೂವರೆ ತಾಸೂ ನನ್ನ ತೊಡೆಯ ಮೇಲಿತ್ತು. ನನಗೇನೂ ಬೇಸರವಾಗಲಿಲ್ಲ. ಇಂಡಿಯ ಬಸ್ಸಿನಲ್ಲಿ ಇದಕ್ಕಿಂತ ದೊಡ್ಡ ದೊಡ್ಡ ಮೊಣಕಾಲುಗಳನ್ನು ಹೊತ್ತವನು ನಾನು.

ಕಿಟಕಿಯಾಚೆ ಮೋಡ ಬಿಟ್ಟರೆ ಏನೂ ಇಲ್ಲ. ಬಸ್ಸಿನಲ್ಲಾದರೆ ಸೋಲಾಪುರ ಬಂತು, ಭೀಮಾ ನದಿ ದಾಟಿತು ಎಂದು ದಾರಿ ಕರಗುವುದು ಗೊತ್ತಾಗುತ್ತದೆ. ಇಲ್ಲಿ ದಾರಿಯೂ ಇಲ್ಲ, ಕರಗುವುದೂ ಇಲ್ಲ. ಊಟ ಬಂತು, ಹೋಯಿತು. ಒಂದು ನಿದ್ದೆ ಬಂತು, ಅದೂ ಹೋಯಿತು. ಅಷ್ಟರಲ್ಲಿ ಇಳಿಯುವ ಮಾತು ಕೇಳಿಸಿತು. ಮುಂಬೈಯಿಂದ ಸಿಂಗಾಪುರಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ ಎಂದು ಟಿಕೆಟಿನವನು ಹೇಳಿದ್ದ. ಅಷ್ಟು ದೂರವನ್ನು ನನ್ನ ನಡ ನಂಬಲಿಲ್ಲ.

ಗುಜರಾತಿ ಅಜ್ಜ ಗಡಿಯಾರದ ಮುಳ್ಳನ್ನು ಎರಡೂವರೆ ತಾಸು ಮುಂದೆ ತಿರುಗಿಸಿದ, ನನಗೂ ತಿರುಗಿಸಲು ಹೇಳಿದ. ಇಲ್ಲಿನ ಹೊತ್ತು ನಮಗಿಂತ ಅಷ್ಟು ಮುಂದಂತೆ. ನಾನು ತಿರುಗಿಸಿದೆ, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಲೆಕ್ಕದಲ್ಲಿ ಐದೂವರೆ ತಾಸಿನ ದಾರಿ ಎಂಟು ತಾಸಿನದಾಗಿ ಕೂತಿತ್ತು. ಇದನ್ನು ಅವ್ವನಿಗೆ ಹೇಳುವುದೇ ಬೇಡ, ಅವಳು ಮಗಳನ್ನು ಅಷ್ಟು ಹತ್ತಿರಕ್ಕೆ ತಂದುಕೊಂಡಿದ್ದಾಳೆ, ಮತ್ತೆ ದೂರ ಮಾಡುವುದೇಕೆ ಎಂದುಕೊಂಡೆ.

ಹನ್ನೆರಡನೆಯ ಮಹಡಿ

ಸುನಂದಾ ನಿಲ್ದಾಣಕ್ಕೆ ಒಬ್ಬಳೇ ಬಂದಿದ್ದಳು. ಕೂದಲು ಕತ್ತರಿಸಿದ್ದಳು, ಕನ್ನಡಕ ಬಂದಿತ್ತು. ನಡಿಗೆ ಮಾತ್ರ ಅದೇ, ಅವ್ವನ ಹಾಗೆ ಎಡಕ್ಕೆ ತುಸು ವಾಲಿದ ನಡಿಗೆ. ಏಳು ವರ್ಷದ ಮೇಲೆ ಕಂಡ ಅಣ್ಣನಿಗೆ ಅವಳು ಹೇಳಿದ ಮೊದಲ ಮಾತು, "ಭಾಳ ಬೊಕ್ಕ ಆಗೀಯಲ್ಲೋ ಅಣ್ಣಾ." ನನ್ನ ಬೋಳುತಲೆಯ ಮೇಲೆ ಕೈ ಸವರಿ ನಕ್ಕಳು. ಆಮೇಲೆ ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅವರ ಮನೆ ಒಂದು ಎತ್ತರದ ಕಟ್ಟಡದ ಹನ್ನೆರಡನೆಯ ಮಹಡಿಯಲ್ಲಿ. ಕಿಟಕಿ ಕಿಟಕಿಯಿಂದಲೂ ಬಿದಿರಿನ ಗಳುಗಳು ಹೊರಗೆ ಚಾಚಿ, ಅವುಗಳ ಮೇಲೆ ಒದ್ದೆ ಬಟ್ಟೆ ಆಕಾಶದಲ್ಲಿ ಒಣಗುತ್ತವೆ. ನಮ್ಮ ಕೋಥರೂಡದ ಸೊಸೈಟಿಯಲ್ಲಾದರೆ ಮೇಲಿನವರ ಸೀರೆಯ ನೀರು ಕೆಳಗಿನವರ ಸ್ಕೂಟರಿನ ಮೇಲೆ ತೊಟ್ಟಿಕ್ಕಿದ್ದಕ್ಕೆ ಮೀಟಿಂಗು ಕರೆಯುತ್ತಾರೆ. ಇಲ್ಲಿ ಯಾರೂ ಯಾರಿಗೂ ಏನೂ ಅನ್ನುವುದಿಲ್ಲ. ಲಿಫ್ಟಿನಲ್ಲಿ ಎಂಟು ಜನರಿದ್ದರೂ ಒಬ್ಬರಾದರೂ "ಯಾವೂರ್ರಿ ನಿಮ್ದು?" ಎಂದು ಕೇಳಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು.

ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು. ಕುಳ್ಳನೆಯ ಹಣ್ಣು ಮುದುಕಿ, ಹೂವಿನ ಅಚ್ಚಿನ ಅಂಗಿ-ಪಾಯಿಜಾಮ, ಕೈಯಲ್ಲೊಂದು ಹಸಿರು ಕಲ್ಲಿನ ಬಳೆ. ಸುನಂದಾಳ ಐದು ವರ್ಷದ ಮಗಳ ಹೆಸರು ಮೇ. ಅವಳು ಇವರನ್ನು "ಆಮಾ" ಎನ್ನುತ್ತಾಳೆ. ಅವರ ಭಾಷೆಯಲ್ಲಿ ಅಜ್ಜಿ ಎಂದಂತೆ. ಮನೆಯವರೆಲ್ಲ ಹಾಗೇ ಕರೆಯುವುದರಿಂದ ನನಗೂ ಅವರು ಆಮಾ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಗಂಭೀರವಾಗಿ ಏನೋ ಕೇಳಿದರು.

"ಊಟ ಆತೇನು ಅಂತ ಕೇಳ್ಲಾಕತ್ತಾರ" ಎಂದಳು ಸುನಂದಾ. "ಇವರ ನಮಸ್ಕಾರನ ಹಂಗ."

ಅದನ್ನು ಕೇಳಿ ಅರ್ಧ ಪರದೇಶ ಕರಗಿದಂತಾಯಿತು.  ಆದರೆ ಆಮಾ ನನ್ನ ಮುಂದೆ ಚಹಾ ಇಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಸಾಕ್ಷಿ ಹೇಳಲು ಬಂದವನನ್ನು ನೋಡುವಂತೆ ನೋಡುತ್ತಲೇ ಇದ್ದರು.

ಅಡಿಗೆಮನೆಯಲ್ಲಿ ಸುನಂದಾಳೊಬ್ಬಳೇ ಸಿಕ್ಕಾಗ ಹೇಳಿದೆ. "ನಿನ್ನ ಪಂಚಮಿಗೆ ಕರೀಲಾಕ ಬಂದೀನಿ."

ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ವ್ಯಾಪಾರಕ್ಕ ಬಂದೀಯೇನೋ ಅನಕೊಂಡಿದ್ದೆ."

"ಲಿಂಬಿಹಣ್ಣು ಮಾರಾಕ ಸಿಂಗಾಪುರಕ್ಕ ಯಾರು ಬರ್ತಾರ? ಅಪ್ಪ ಬಾಗಲಾ ಮುಚ್ಚಿರಲಿಲ್ಲ, ಸುನಂದಾ."

"ಬಾಗಲಾ ತಗದ್ರ ಆತೇನಣ್ಣಾ? ತಗದ ಬಾಗಲದಾಗ ನಾಯಿನೂ ಬರ್ತದ. ಮಗಳನ್ನ ಕರೀಬೇಕು."

"ಅದಕ್ಕ ಬಂದೀನಲ್ಲ."

ಸುನಂದಾ ಚಾಕು ಕೆಳಗಿಟ್ಟಳು. "ತಡಾ ಮಾಡಿದ್ರಿ. ಈ ತಿಂಗಳ ಆಮಾ ಕಳಸೂದಿಲ್ಲ. ಇದು ಅವರ ಪಂಚಾಂಗದಾಗ ಏಳನೇ ತಿಂಗಳ. ಸತ್ತವರೆಲ್ಲಾ ಭೂಮಿ ಮ್ಯಾಲೆ ತಿರಗತಾರಂತ. ಮದವಿ ಇಲ್ಲ, ಹೊಸಾ ಮನಿ ಇಲ್ಲ, ದೂರ ಪ್ರಯಾಣ ಇಲ್ಲ." ತುಸು ತಡೆದು ಅಂದಳು, "ನಾನಂತೂ ಅವರನ್ನ ಕೇಳೂದಿಲ್ಲ. ಏಳು ವರ್ಷ ನನಗ ತವರ ಅದ ಅಂತ ಹೆಂಗ ಹೇಳಲಿ ಅಂತ ನಾಚಿ ಸತ್ತೀನಿ. ಕೇಳಾಂವ ನೀನು. ನೀನ ಕೇಳು."

ರಸ್ತೆ ಬದಿಯ ಪ್ರಸಾದ

ಮರುದಿನ ಬೆಳಿಗ್ಗೆ, ಹೇಗೆ ಕೇಳಬೇಕೆಂದು ಯೋಚಿಸುತ್ತ ಕೆಳಗಿಳಿದು ನಡೆದಾಡುತ್ತಿದ್ದೆ. ಕಾಲುದಾರಿಯ ಪಕ್ಕದ ಹುಲ್ಲಿನ ಅಂಚಿನಲ್ಲಿ ಯಾರೋ ಪೂಜೆ ಮಾಡಿದ್ದರು. ಕೆಂಪು ಮೇಣದಬತ್ತಿ, ಊದುಬತ್ತಿ, ಚಿಕ್ಕ ಚಿಕ್ಕ ಬಟ್ಟಲಲ್ಲಿ ಚಹಾ, ಕಿತ್ತಳೆಹಣ್ಣು, ಗುಲಾಬಿ ಬಣ್ಣದ ಉಬ್ಬಿದ ಸಿಹಿ. ಒಬ್ಬ ಮುದುಕ ಪಕ್ಕದಲ್ಲಿ ಡಬ್ಬಿಯೊಂದರಲ್ಲಿ ಕಾಗದ ಸುಡುತ್ತಿದ್ದ. ಯಾವ ದೇವರೋ ಗೊತ್ತಿಲ್ಲ, ಆದರೆ ದೇವರಂತೂ ಹೌದು ಎಂದು ಚಪ್ಪಲಿ ಕಳಚಿ ಕೈಮುಗಿದೆ. ತಂಗಿ ಬರುವಂತಾಗಲಿ ಎಂದು ಬೇಡಿಕೊಂಡೆ. ಆಮೇಲೆ, ನಮ್ಮೂರಿನ ಗುಡಿಯಲ್ಲಿ ಮಾಡುವಂತೆ, ಮುದುಕನ ಮುಂದೆ ಅಂಗೈ ಚಾಚಿ ನಿಂತೆ.

ಮುದುಕ ನನ್ನ ಅಂಗೈ ನೋಡಿದ, ನನ್ನ ಮುಖ ನೋಡಿದ. ಏನೂ ಕೊಡಲಿಲ್ಲ. ಪ್ರಸಾದ ತೆಗೆದುಕೊಳ್ಳದೆ ಬರುವುದು ದೇವರಿಗೆ ಅವಮಾನ ಎಂದು ಅವ್ವ ಕಲಿಸಿದ್ದಾಳೆ. ನಾನೇ ಬಗ್ಗಿ ಒಂದು ಗುಲಾಬಿ ಸಿಹಿ ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಮುದುಕ ಚಿಟ್ಟನೆ ಚೀರಿ, ಕಾಗದದ ಡಬ್ಬಿಯನ್ನು ಅಲ್ಲೇ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಸಿಹಿ ರುಚಿಯಾಗಿತ್ತು.

ಮೇಲೆ ಬಂದು ಹೇಳಿದೆ. ಸುನಂದಾ ತಲೆಯ ಮೇಲೆ ಕೈ ಹೊತ್ತುಕೊಂಡು ನೆಲಕ್ಕೆ ಕೂತಳು.

"ಅಣ್ಣಾ, ಅದು ದೇವರದಲ್ಲೋ! ಹಸದ ದೆವ್ವಗೋಳಿಗೆ ಇಟ್ಟದ್ದು ಅದು! ಯಾರೂ ದಿಕ್ಕಿಲ್ಲದ ಸತ್ತವರಿಗೆ!"

 ಮೂರು ದಾರಿ ಕೂಡುವಲ್ಲಿ ಇಟ್ಟ ಲಿಂಬೆಹಣ್ಣನ್ನು ತುಳಿಯಬೇಡ, ದಾಟಬೇಡ ಎಂದು ಚಿಕ್ಕಂದಿನಿಂದ ಕೇಳಿದವನು ನಾನು. ಲಿಂಬೆಹಣ್ಣು ಮಾರಿಯೇ ಹೊಟ್ಟೆ ಹೊರೆಯುವವನಾದರೂ ಬೀದಿಯಲ್ಲಿ ಬಿದ್ದ ಲಿಂಬೆಹಣ್ಣು ಕಂಡರೆ ಸುತ್ತು ಬಳಸಿ ಹೋಗುತ್ತೇನೆ. ಅಂಥವನು ದೆವ್ವದ ಎಡೆಯನ್ನು ಕಣ್ಣಿಗೊತ್ತಿಕೊಂಡು ತಿಂದು, ತಂಗಿಗಾಗಿ ಅದನ್ನೇ ಬೇಡಿಕೊಂಡೂ ಬಂದಿದ್ದೆ.

ಸೊಸೆಯಿಂದ ವಿಷಯ ಕೇಳಿದ ಆಮಾ ನಗಲಿಲ್ಲ. ಅವರ ಮುಖದ ಮೇಲಿನ ಗಾಂಭೀರ್ಯ ಒಂದೇ ಸಲಕ್ಕೆ ಹೋಗಿ ಅಲ್ಲಿ ಗಾಬರಿ ಬಂತು. ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿಗೂ ಕಾಯದೆ ಎಲ್ಲಿಗೋ ಇಳಿದುಹೋಗಿ, ಚಕ್ಕೋತದ ಎಲೆಗಳ ಒಂದು ಕಟ್ಟು ಹಿಡಿದು ಏದುಸಿರು ಬಿಡುತ್ತ ಬಂದರು. ಬೋಗುಣಿಯ ಬಿಸಿನೀರಿನಲ್ಲಿ ಆ ಎಲೆಗಳನ್ನು ಹಿಚುಕಿದರು. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಬೋಳುತಲೆ, ಮುಖ, ಕಿವಿಯ ಹಿಂಭಾಗ, ಎರಡೂ ಅಂಗೈ ಒರೆಸಿದರು. ಬಾಯಲ್ಲಿ ಏನೋ ಗೊಣಗುತ್ತಲೇ ಇದ್ದರು. ನಲವತ್ತೈದು ದಾಟಿದ ನಾನು ಕಣ್ಣು ಮುಚ್ಚಿ ಕೂತಿದ್ದೆ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸುವಾಗಲೂ ಇದೇ ಧಾಟಿಯಲ್ಲಿ ಗೊಣಗುತ್ತಾಳೆ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಮನೆಯಲ್ಲೇ ಇದ್ದೇನೆ ಎನ್ನಿಸಿ ಕಣ್ಣು ತುಂಬಿತು.

ಆ ದಿನವೆಲ್ಲ ಆಮಾ ನನ್ನನ್ನು ಹೊರಗೆ ಬಿಡಲಿಲ್ಲ. ತಾಸಿಗೊಮ್ಮೆ ಹಣೆ ಮುಟ್ಟಿ ನೋಡಿದರು. ಗಂಜಿ ಮಾಡಿ ತಾವೇ ಬಡಿಸಿದರು. ಸಾಕು ಎಂದರೆ ಕೇಳಲಿಲ್ಲ.

ಕೇಳುವ ಶಾಸ್ತ್ರ

ಸಂಜೆ ಭೀಮಣ್ಣ ಕೆಲಸದಿಂದ ಬಂದ. ದೆವ್ವದ ಪ್ರಸಾದದ ಕಥೆ ಕೇಳಿ ಅವನು ನಕ್ಕ ನಗೆಗೆ ಆಮಾ ಅವನ ಬೆನ್ನಿಗೊಂದು ಹಾಕಿದರು. ಮನೆಯಲ್ಲಿ ಬಿಗುವು ಸಡಿಲಾಗಿತ್ತು. ಇದೇ ಹೊತ್ತು ಎಂದು ನಾನು ಉಂಡಿಯ ಬುತ್ತಿ ತಂದೆ. ಎರಡೂ ಕೈಯಲ್ಲಿ ಹಿಡಿದು ಆಮಾ ಅವರ ಮುಂದಿಟ್ಟು ಕೈಮುಗಿದೆ. ಸುನಂದಾ ಎದ್ದು ಅಡಿಗೆಮನೆಗೆ ಹೋದಳು. ತನ್ನನ್ನು ಕಳಿಸೆಂಬ ಮಾತನ್ನು ತಾನೇ ಅನುವಾದ ಮಾಡುವುದು ಯಾವ ಹೆಣ್ಣಿಗಾದರೂ ಕಷ್ಟವೇ. ಆ ಕೆಲಸ ಭೀಮಣ್ಣನಿಗೆ ಬಿತ್ತು. ನನ್ನ ಇಂಗ್ಲಿಷು ಮಾರ್ಕೆಟ್ ಯಾರ್ಡಿನದು, ಅವನದು ಕಾರಖಾನೆಯದು, ಆದರೂ ಮಾತು ದಾಟಿತು.

ಊರಲ್ಲಿ ಹೇಳುವಂತೆಯೇ ಹೇಳಿದೆ. ಪಂಚಮಿಗೆ ನಮ್ಮ ಹುಡುಗಿಯನ್ನು ಕಳಿಸಿಕೊಡಿರಿ.

ಆಮಾ ಉಂಡಿಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ಏಳು ವರ್ಷ ಎಲ್ಲಿದ್ದಿರಿ ಎಂದು ಕೇಳುತ್ತಿದ್ದಾರೆ ಎಂದ ಭೀಮಣ್ಣ. ಉತ್ತರಕ್ಕೆ ಕಾಯದೆ ಆಮಾ ಮುಂದುವರಿಸಿದರು, ಭೀಮಣ್ಣ ನನಗೆ ಹೇಳುತ್ತ ಹೋದ.

"ನಮ್ಮ ಹೊಸ ವರ್ಷದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ತಾಯಿಯ ಮನೆಗೆ ಹೋಗುತ್ತಾರೆ. ಈ ಕಟ್ಟಡಕ್ಕೆ ಕಟ್ಟಡವೇ ಖಾಲಿಯಾಗುತ್ತದೆ. ಇವಳು ಮಾತ್ರ ಆ ದಿನ ಬಟ್ಟೆ ಒಗೆಯುತ್ತಾಳೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾಳೆ. ಇವಳಿಗೆ ಯಾರೂ ಇಲ್ಲವೇನೋ ಎಂದು ನಾನು ಮಗನನ್ನು ಕೇಳಿದೆ. ಇದ್ದಾರೆ, ಬಹಳ ದೂರ ಎಂದ. ಎಷ್ಟು ದೂರ?"

"ಐದೂವರೆ ತಾಸು" ಎಂದೆ.

ಭೀಮಣ್ಣ ಅದನ್ನು ಹೇಳಿದಾಗ ಆಮಾ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ತಮ್ಮ ಕೈಯ ಬಳೆಯನ್ನು ತಿರುಗಿಸುತ್ತ ಮೆಲ್ಲಗೆ ಮಾತಾಡತೊಡಗಿದರು. ಅವರ ತಾಯಿಯ ಮನೆ ಚೀನದ ಫುಜಿಯಾನ್ ಕಡಲಂಚಿನ ಒಂದು ಹಳ್ಳಿ. ಮದುವೆಯಾಗಿ ಹದಿನೆಂಟರ ವಯಸ್ಸಿಗೆ ಹಡಗು ಹತ್ತಿದರು. ವಾರದ ದಾರಿ. ಅಣ್ಣ ಬಂದರಿನ ತನಕ ಬಂದು, ಎರಡು ವರ್ಷದಲ್ಲಿ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂದಿದ್ದನಂತೆ. ಆಮೇಲೆ ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಹೋಗುವ ಬರುವ ದಾರಿ ಮುಚ್ಚಿತು. ದಾರಿ ತೆರೆಯುವ ಹೊತ್ತಿಗೆ ಅಣ್ಣ ಇರಲಿಲ್ಲ.

"ಈಗ ಅಲ್ಲಿಗೆ ವಿಮಾನದಲ್ಲಿ ನಾಲ್ಕೂವರೆ ತಾಸು" ಎಂದು ಭೀಮಣ್ಣ ನನಗೆ ಹೇಳಿದ. ಅದನ್ನೇ ತಾಯಿಗೂ ಹೇಳಿದ. ಆಮಾ ಕೈಯಾಡಿಸಿ ತಳ್ಳಿಬಿಟ್ಟರು.

"ಗೊತ್ತು. ಕರೆಯುವವರು ಇಲ್ಲದ ಮೇಲೆ ನಾಲ್ಕು ತಾಸಾದರೇನು, ನಾಲ್ಕು ವರ್ಷವಾದರೇನು?"

 ಮೇ ಮೆಲ್ಲಗೆ ಒಂದು ಶೇಂಗಾ ಉಂಡಿ ಎತ್ತಿಕೊಂಡು ಮೇಜಿನ ಕೆಳಗೆ ಹೋದಳು. ನಾನು ಏಳನೆಯ ತಿಂಗಳ ಮಾತು ಬರುತ್ತದೆಂದು ಕಾದೆ. ಬಂತು. ಈ ತಿಂಗಳು ಯಾರೂ ಪ್ರಯಾಣ ಮಾಡಬಾರದು ಎಂದರು. ನಮ್ಮ ಹಬ್ಬ ಈ ತಿಂಗಳಲ್ಲೇ ಎಂದೆ. ಒಂದು ಕಡೆ ನಮ್ಮ ಪಂಚಾಂಗ, ಇನ್ನೊಂದು ಕಡೆ ಅವರದು, ನಡುವೆ ನನ್ನ ತಂಗಿ. ಮುದುಕಿ ಉಂಡಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಚಪ್ಪರಿಸಿ, ಪೂರ್ತಿ ನುಂಗಿದ ಮೇಲೆ ತೀರ್ಪು ಕೊಟ್ಟರು.

"ತಾಯಿಯ ಮನೆಗೆ ಹೋಗುವುದನ್ನು ಪ್ರಯಾಣ ಎನ್ನುವುದಿಲ್ಲ. ಕತ್ತಲಾಗುವುದರೊಳಗೆ ಮನೆ ಸೇರಬೇಕು. ಹಿಂದಿನಿಂದ ಯಾರು ಕೂಗಿದರೂ ತಿರುಗಿ ನೋಡಬಾರದು. ಈ ಮನುಷ್ಯನನ್ನು ಮಾತ್ರ ದಾರಿಯಲ್ಲಿ ಏನೂ ತಿನ್ನಗೊಡಬೇಡಿ."

ಅಡಿಗೆಮನೆಯಲ್ಲಿ ನೀರಿನ ನಳ ನಿಂತಿತು. ಸುನಂದಾಳಿಗೆ ಆ ಭಾಷೆ ತಿಳಿಯುತ್ತದೆ, ನನಗಿಂತ ಮೊದಲೇ ಅವಳಿಗೆ ಎಲ್ಲ ತಿಳಿದಿತ್ತು. ಹೊರಗೆ ಬಂದವಳು ಅತ್ತೆಯ ಕಾಲಬುಡದಲ್ಲಿ ಕೂತು ಅವರ ಮಡಿಲಲ್ಲಿ ಮುಖವಿಟ್ಟಳು. ಆಮಾ ಅವಳ ಕತ್ತರಿಸಿದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಕೂತರು. ತುಸು ಹೊತ್ತಿನ ಮೇಲೆ ಸುನಂದಾ ತಲೆಯೆತ್ತಿ ನನ್ನನ್ನು ಕೇಳಿದಳು.

"ಅಣ್ಣಾ, ಅವ್ವಗ ಈಗ ಏನು ಸೇರ್ತದ? ಹಲ್ಲ ಅದಾವೇನು?"

"ಅದಾವ. ಬೈಲಾಕ ಸಾಕಾಗುವಷ್ಟು ಅದಾವ" ಎಂದೆ.

ಮರಳಿ

ಭೀಮಣ್ಣ ಕೆಲಸಕ್ಕಾಗಿ, ತಾಯಿಗಾಗಿ ಅಲ್ಲೇ ಉಳಿದ. ಸುನಂದಾ, ಮೇ, ನಾನು ಮೂವರೂ ಹೊರಟೆವು. ಕಿಟಕಿಯ ಪಕ್ಕ ಮೇ, ನಡುವೆ ಸುನಂದಾ. ಆಮಾ ಹೇಳಿದಂತೆ ಅವಳು ನನಗೆ ವಿಮಾನದ ಊಟವನ್ನೂ ಪರೀಕ್ಷೆ ಮಾಡಿಯೇ ಕೊಟ್ಟಳು. ಆಮೇಲೆ ಹಳೆಯ ಮಾತು ಶುರುವಾದವು. ಇಂಡಿಯ ಮನೆಯ ಬೇವಿನ ಮರದ ಜೋಕಾಲಿಯಿಂದ ನಾನು ಬಿದ್ದು ಹಲ್ಲು ಮುರಿದುಕೊಂಡದ್ದು, ಅಪ್ಪ ಅವಳನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಲಿಂಬೆಯ ತೋಟಕ್ಕೆ ಒಯ್ಯುತ್ತಿದ್ದುದು. ಅಪ್ಪನ ಮಾತು ಬಂದಾಗ ಅವಳು ಅಳಲಿಲ್ಲ, "ಭಾಳ ಹಟಮಾರಿ, ನನ್ನಂಗ" ಎಂದಳು.

ಇನ್ನೂ ಮಾತು ಅರ್ಧದಲ್ಲಿತ್ತು. ಪಟ್ಟಿ ಬಿಗಿದುಕೊಳ್ಳಿ, ಮುಂಬೈ ಬಂತು ಎಂದರು. ಸುನಂದಾ ಬಗ್ಗಿ ಕಿಟಕಿಯಾಚೆ ನೋಡಿದಳು. ಮೋಡದ ಕೆಳಗೆ ಒದ್ದೆ ಊರು, ಒತ್ತೊತ್ತಾದ ತಗಡಿನ ಮಾಡುಗಳು.

"ಇಷ್ಟ ಏನು?" ಎಂದಳು. "ಇಷ್ಟ ಹೊತ್ತಿನ ದಾರಿ ಏನಣ್ಣಾ?"

ನಾನು ಹೂಂ ಎಂದೆ. ಬೇರೆ ಏನು ಹೇಳಲಿ? ಅವಳು ಮುಂದಿನ ಸೀಟಿನ ಬೆನ್ನಿಗೆ ಹಣೆ ಹಚ್ಚಿ, ವಿಮಾನ ನಿಂತು ಎಲ್ಲರೂ ಇಳಿಯುವ ತನಕ ಹಾಗೇ ಇದ್ದಳು. ಏಳು ವರ್ಷದ ಅಳು ಅಲ್ಲಿ ಬಂತು. ಮೇ ಅಮ್ಮನ ಬೆನ್ನು ತಟ್ಟುತ್ತ ನನ್ನ ಮುಖ ನೋಡಿದಳು. ನನ್ನ ಮುಖವೂ ನೋಡುವ ಹಾಗಿರಲಿಲ್ಲ.

ಕೋಥರೂಡದ ಬಾಗಿಲಲ್ಲಿ ಅವ್ವ ನೀರು ತುಂಬಿದ ತಂಬಿಗೆ, ರೊಟ್ಟಿಯ ತುಂಡು ಹಿಡಿದು ನಿಂತಿದ್ದಳು. ಸುನಂದಾ, ಮೇ ಇಬ್ಬರಿಗೂ ನಿವಾಳಿಸಿ ಆಚೆ ಎಸೆದಳು. ಏನೇನೋ ಹೇಳಬೇಕೆಂದು ತಿಂಗಳಿಂದ ಕೂಡಿಟ್ಟಿದ್ದವಳ ಬಾಯಿಂದ ಬಂದದ್ದು, "ಕೂದಲಾ ಎಲ್ಲಿ ಕಳಕೊಂಡ್ಯೇ?" ಎಂಬ ಒಂದೇ ಬೈಗಳು. ಆಮೇಲೆ ಅವ್ವ, ಸುನಂದಾ ಇಬ್ಬರೂ ಹೊಸ್ತಿಲ ಮೇಲೇ ಕೂತು ಅತ್ತರು. ನನ್ನ ಹೆಂಡತಿ ಸರೋಜಾ ಹಾಲು ಉಕ್ಕಿದ್ದನ್ನೂ ಮರೆತು ನಿಂತಿದ್ದಳು.

ಪಂಚಮಿಯ ದಿನ ನಡುಮನೆಯ ಛತ್ತಿನಲ್ಲಿದ್ದ ಕೊಂಡಿಗೆ ಹಗ್ಗ ಬಿಗಿದು ಜೋಕಾಲಿ ಕಟ್ಟಿದೆ. ಮೊದಲು ಮೇ, ಆಮೇಲೆ ಸುನಂದಾ, ಕೊನೆಗೆ ಪಕ್ಕದ ಮನೆಯ ಮರಾಠಿ ಹೆಣ್ಣುಮಕ್ಕಳೂ ಬಂದು ಜೀಕಿದರು. ಅವ್ವ ಅದನ್ನು ನೋಡುತ್ತ, ಉಂಡಿ ಕಟ್ಟುತ್ತ, ಸಿಂಗಾಪುರದ ಸುದ್ದಿಯನ್ನೆಲ್ಲ ಒಂದೊಂದಾಗಿ ನನ್ನಿಂದ ಹೇಳಿಸಿಕೊಂಡಳು. ದೆವ್ವದ ಪ್ರಸಾದಕ್ಕೆ ಹೊಟ್ಟೆ ಹಿಡಿದು ನಕ್ಕಳು. ಆಮಾ ಅವರ ಅಣ್ಣನ ಮಾತಿಗೆ ಬಂದಾಗ ಅವಳ ಕೈ ನಿಂತವು.

"ಆಕಿನ್ನ ಯಾರೂ ಕರೀಲಿಲ್ಲೇನು? ಒಮ್ಮೆನೂ?"

"ಇಲ್ಲ ಅವ್ವಾ."

ಮಧ್ಯಾಹ್ನ ಸುನಂದಾ ಅತ್ತೆಗೆ ಫೋನು ಹಚ್ಚಿದಳು. ಎರಡು ಮಾತಾಡುವಷ್ಟರಲ್ಲಿ ಅವ್ವ ಎಳ್ಳು ಮೆತ್ತಿದ ಕೈಯಲ್ಲೇ ರಿಸೀವರ್ ಕಸಿದುಕೊಂಡು, ಸಮುದ್ರದಾಚೆಗೆ ಕೇಳಿಸಲೆಂದು ಕೂಗಿ ಹೇಳಿದಳು.

"ಬೀಗತೀ, ಬರೋ ಪಂಚಮಿಗೆ ನನ್ನ ಮಗ ನಿಮ್ಮನ್ನ ಕರೀಲಾಕ ಬರ್ತಾನ್ರಿ! ಅಣ್ಣ ಇಲ್ಲ ಅಂತ ಅನಬ್ಯಾಡ್ರಿ. ನಿಮಗ ತವರ ಅದ, ಇಲ್ಲಿ ಅದ!"

ಆಚೆಯಿಂದ ಆಮಾ ಅಷ್ಟೇ ಗಟ್ಟಿಯಾಗಿ ಚೀನೀ ಮಾತಿನಲ್ಲಿ ಏನೋ ಕೂಗಿದರು. ಅವ್ವನಿಗೆ ಅದು ತಿಳಿಯಲಿಲ್ಲ, ಅವರಿಗೆ ಇದು ತಿಳಿಯಲಿಲ್ಲ. ಸುನಂದಾ ರಿಸೀವರ್ ತೆಗೆದುಕೊಂಡು ಅವ್ವನ ಮಾತನ್ನು ಮಾತಿಗೆ ಮಾತಾಗಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು.  ಪರದೇಶದ ಫೋನಿನ ಬಿಲ್ಲು ಏರುತ್ತಲೇ ಇತ್ತು, ಎರಡೂ ಕಡೆ ಯಾರೂ ಫೋನು ಇಡಲಿಲ್ಲ.

ಕೊನೆಗೆ ಆಮಾ ಏನೋ ಸಣ್ಣದಾಗಿ ಕೇಳಿದರು. ಸುನಂದಾ ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದಳು.

"ಅಲ್ಲಿ ಥಂಡಿ ಇರ್ತದೇನು, ಸ್ವೆಟರ್ ತರಬೇಕೇನು ಅಂತ ಕೇಳ್ಲಾಕತ್ತಾರ."

"ಬ್ಯಾಡ ಅನ್ನು" ಎಂದಳು ಅವ್ವ. "ನಂದ ಅದ, ಕೊಡ್ತೀನಿ ಅನ್ನು."